ರವಿವಾರ ಬಸ್ಸಿಲ್ಲದ ಊರಿನ ಧರ್ಮಕೇಂದ್ರ

ದಾದಿಯರಾಗಿ, ವೃದ್ಧರ ಆರೈಕೆಯ ಕೆಲಸಕ್ಕಾಗಿ ಇಂಗ್ಲೆಂಡಿಗೆ ಹೋದವರು ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲೂ ಇದ್ದಾರೆ. ಲಂಡನ್, ಬರ್ಮಿಂಗ್‌ಹ್ಯಾಮ್‌ಗಳಲ್ಲಿ ನೆಲೆಸಿದವರಿಗೆ ಬಸ್ಸು, ರೈಲಿನ ಚಿಂತೆ ಅಷ್ಟಿಲ್ಲ. ಆದರೆ ನಾರ್ಫೋಕ್, ಲಿಂಕನ್‌ಶೈರ್, ಡೆವನ್‌ನಂತಹ ಗ್ರಾಮೀಣ ಕೌಂಟಿಗಳಿಗೆ ಹೋದವರು ಫೋನಿನಲ್ಲಿ "ಈ ವಾರ ಪೂಜೆಗೆ ಹೋಗಲಾಗಲಿಲ್ಲ" ಎಂದರೆ ಮನೆಯ ಹಿರಿಯರು ಕೂಡಲೇ ಬೇಸರಪಟ್ಟುಕೊಳ್ಳಬೇಕಾಗಿಲ್ಲ. ಅನೇಕ ಸಲ ಕಡಿಮೆಯಾದದ್ದು ಭಕ್ತಿಯಲ್ಲ, ಬಸ್ಸು.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಕಾಣುವ ಕಲ್ಲಿನ ಗೋಪುರದ ಹಳೆಯ ಚರ್ಚುಗಳು 16ನೇ ಶತಮಾನದ ಒಡಕಿನ ಬಳಿಕ ಆಂಗ್ಲಿಕನ್ ಸಭೆಯ ಪಾಲಾದವು. ಕಥೋಲಿಕ ಧರ್ಮಾಧ್ಯಕ್ಷರ ಪೀಠಗಳು ಮರುಸ್ಥಾಪನೆಯಾದದ್ದು 1850ರಲ್ಲಿ. ಹೀಗಾಗಿ ನಮ್ಮ ಸಭೆಯ ಚರ್ಚು ಸಾಮಾನ್ಯವಾಗಿ ಹತ್ತಿರದ ಪೇಟೆಯಲ್ಲಿರುತ್ತದೆ. ಸುತ್ತಲಿನ ಅನೇಕ ಹಳ್ಳಿಗಳು ಅದೊಂದೇ ಧರ್ಮಕೇಂದ್ರಕ್ಕೆ ಸೇರುತ್ತವೆ. ಹತ್ತು ಹದಿನೈದು ಕಿಲೋಮೀಟರ್ ಎಂದರೆ ನಮಗೆ ದೂರವೇ ಅಲ್ಲ. ಅಲ್ಲಿ ಕಾರಿಲ್ಲದವರಿಗೆ ಅದೇ ದೂರ. ಹಳ್ಳಿಯ ರಸ್ತೆಗಳು ಎತ್ತರದ ಗಿಡಬೇಲಿಗಳ ನಡುವೆ ಇಕ್ಕಟ್ಟಾಗಿ ಸಾಗುತ್ತವೆ, ಬದಿಯಲ್ಲಿ ನಡೆಯಲು ಜಾಗವಿರುವುದಿಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು.

ಹಿಂದೆ ಹೀಗಿರಲಿಲ್ಲ. ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ 1963ರ ವರದಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಲು ಶಿಫಾರಸು ಮಾಡಿದರು. ಮಾತೆ ಮರಿಯಳ ಪುಣ್ಯಕ್ಷೇತ್ರವಾದ ನಾರ್ಫೋಕ್‌ನ ವಾಲ್ಸಿಂಗ್‌ಹ್ಯಾಮ್‌ಗೆ ಪ್ರಯಾಣಿಕರ ರೈಲು 1964ರಲ್ಲಿ ನಿಂತಿತು. ಅಲ್ಲಿನ ನಿಲ್ದಾಣದ ಕಟ್ಟಡ ಆಮೇಲೆ ಆರ್ಥೊಡಾಕ್ಸ್ ಸಭೆಯ ಪ್ರಾರ್ಥನಾಲಯವಾಯಿತು! ಬ್ರಿಟನ್ನಿನ ಸಿರೊ-ಮಲಬಾರ್ ವಿಶ್ವಾಸಿಗಳು ಪ್ರತಿವರ್ಷ ಬಸ್ಸು ಗೊತ್ತುಮಾಡಿಕೊಂಡು ಅಲ್ಲಿಗೆ ಯಾತ್ರೆ ಹೋಗುತ್ತಾರೆ. ವರ್ಷಕ್ಕೊಮ್ಮೆ ಯಾತ್ರೆಗೆ ಬಸ್ಸು ಸಿಗುತ್ತದೆ. ಕಷ್ಟವಿರುವುದು ಉಳಿದ ರವಿವಾರಗಳದ್ದು.

ರೈಲು ಹೋದ ಮೇಲೆ ಬಸ್ಸೇ ಗತಿಯಾಯಿತು. 1986ರ ಅಕ್ಟೋಬರಿನಿಂದ ಲಂಡನ್ ಹೊರಗಿನ ಬಸ್ ಸೇವೆಯನ್ನು ಖಾಸಗಿ ಕಂಪೆನಿಗಳ ಲೆಕ್ಕಾಚಾರಕ್ಕೆ ಬಿಡಲಾಯಿತು. ಲಾಭವಿರುವ ದಾರಿಯಲ್ಲಿ ಅವರು ಓಡಿಸುತ್ತಾರೆ. ಲಾಭವಿಲ್ಲದ ದಾರಿಗೆ ಸ್ಥಳೀಯ ಆಡಳಿತ ಹಣ ಕೊಡಬೇಕು. 2010ರ ನಂತರ ಆ ಆಡಳಿತಗಳ ಅನುದಾನವೇ ಕಡಿತವಾಯಿತು. ಹೀಗಾದಾಗ ಮೊದಲು ನಿಲ್ಲುವುದು ಸಂಜೆಯ ಬಸ್ಸು, ಆಮೇಲೆ ರವಿವಾರದ್ದು.

ದರ ದುಬಾರಿಯೆಂದು ದೂರುವಂತೆಯೂ ಇಲ್ಲ. 2023ರ ಜನವರಿಯಲ್ಲಿ ಒಂದು ಪ್ರಯಾಣಕ್ಕೆ 2 ಪೌಂಡ್ ಮಿತಿ ಹಾಕಿದರು, 2025ರ ಜನವರಿಯಲ್ಲಿ ಅದು 3 ಪೌಂಡ್ ಆಯಿತು. ಪಿಂಚಣಿ ವಯಸ್ಸಿನವರಿಗೆ 2008ರಿಂದ ಇಂಗ್ಲೆಂಡಿನಾದ್ಯಂತ ಉಚಿತ ಪಾಸ್ ಇದೆ. ವಾರದ ದಿನಗಳಲ್ಲಿ ಅದು ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತೂವರೆಯ ನಂತರ ಮಾತ್ರ ನಡೆಯುತ್ತದೆ, ರವಿವಾರ ಇಡೀ ದಿನ ನಡೆಯುತ್ತದೆ. ಆದರೆ ಆ ದಿನ ಬಸ್ಸೇ ಇಲ್ಲದಿದ್ದರೆ ಪಾಸ್ ಹಿಡಿದು ಏನು ಮಾಡುವುದು? ಖಾಸಗಿ ಬಸ್ಸುಗಳೇ ಹೆಚ್ಚಿರುವ ನಮ್ಮ ಜಿಲ್ಲೆಗಳ ಮಹಿಳೆಯರಿಗೆ, 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ, ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮವರಿಗೆ ಇನ್ನೊಂದು ತೊಡಕಿದೆ. ಭಾರತದ ಚಾಲನಾ ಪರವಾನಗಿ ಅಲ್ಲಿ ನೆಲೆಸಿದ ಮೊದಲ 12 ತಿಂಗಳು ಮಾತ್ರ ನಡೆಯುತ್ತದೆ. ಅದನ್ನು ಬ್ರಿಟಿಷ್ ಪರವಾನಗಿಗೆ ನೇರವಾಗಿ ಬದಲಿಸಿಕೊಳ್ಳಲಾಗದು. ಲಿಖಿತ ಮತ್ತು ಚಾಲನಾ ಪರೀಕ್ಷೆ ಎರಡನ್ನೂ ಹೊಸದಾಗಿ ಪಾಸು ಮಾಡಬೇಕು. ಇತ್ತೀಚಿನ ವರ್ಷಗಳಲ್ಲಿ ಚಾಲನಾ ಪರೀಕ್ಷೆಯ ದಿನಾಂಕಕ್ಕಾಗಿಯೇ ತಿಂಗಳುಗಟ್ಟಲೆ ಕಾಯಬೇಕಾಗಿದೆ. ಭಾರತದಿಂದ ಸೇವೆಗೆ ಹೋದ ಧರ್ಮಗುರುಗಳಿಗೂ ಇದೇ ನಿಯಮ. ಆರೈಕೆ ಕೆಲಸಗಾರರನ್ನು ವಿದೇಶದಿಂದ ನೇಮಿಸಿಕೊಳ್ಳುವ ವೀಸಾ 2025ರ ಜುಲೈಯಲ್ಲಿ ಮುಚ್ಚಿದೆ, ದಾದಿಯರಿಗೆ ದಾರಿ ಮುಚ್ಚಿಲ್ಲ. ಹೊರಡಲಿರುವವರು ಸಂಬಳ ಎಷ್ಟೆಂದು ಕೇಳುವಾಗಲೇ ಆಸ್ಪತ್ರೆಗೆ ಬಸ್ಸು ಎಷ್ಟು ಗಂಟೆಗೆ, ರಾತ್ರಿ ಪಾಳಿ ಮುಗಿದ ಮೇಲೆ ಹೇಗೆ, ರವಿವಾರ ಏನು ಎಂದೂ ಕೇಳಿಕೊಳ್ಳುವುದು ಒಳ್ಳೆಯದು.

ಅಲ್ಲಿನ ಚರ್ಚುಗಳೇನೂ ಸುಮ್ಮನೆ ಕುಳಿತಿಲ್ಲ. ಕಾರಿರುವವರು ಇಲ್ಲದವರನ್ನು ಕರೆದುಕೊಂಡು ಬರುವ ಪದ್ಧತಿ ಅನೇಕ ಕಡೆ ಇದೆ. ಆದರೆ ಪ್ರತಿವಾರ ಇನ್ನೊಬ್ಬರ ಬಳಿ ಕೇಳಲು ಸಂಕೋಚ. ನಿನ್ನೆ ಮೊನ್ನೆ ಬಂದವರಿಗಂತೂ ಯಾರನ್ನು ಕೇಳುವುದೆಂದೇ ತಿಳಿಯದು. ಪೂಜೆಯ ಕೊನೆಯಲ್ಲಿ ಧರ್ಮಗುರುಗಳೇ "ಯಾರಿಗೆ ವಾಹನ ಬೇಕು?" ಎಂದು ಕೇಳಿದರೂ ಫಲವಿಲ್ಲ, ವಾಹನ ಇಲ್ಲದವರು ಚರ್ಚಿಗೆ ಬಂದೇ ಇಲ್ಲವಲ್ಲ! ನಮ್ಮಲ್ಲಿ ವಾಳೆಯ ಗುರ್ಕಾರರು ಮನೆ ಮನೆಗೆ ಹೋಗುವಂತೆ ಅಲ್ಲಿಯೂ ಯಾರಾದರೂ ಬಾಗಿಲು ತಟ್ಟಬೇಕು.

ಗುರುಗಳ ಕೊರತೆಯಿಂದ ಧರ್ಮಕೇಂದ್ರಗಳನ್ನು ಒಂದುಗೂಡಿಸುವಾಗ ಪೂಜೆಯ ಸಮಯವನ್ನು ಗುರುಗಳು ಕಾರಿನಲ್ಲಿ ಒಂದು ಚರ್ಚಿನಿಂದ ಇನ್ನೊಂದಕ್ಕೆ ತಲಪುವ ಲೆಕ್ಕದಲ್ಲಿ ಇಡುವುದು ಸಹಜ. ಆದರೆ ಬಸ್ಸಿನ ವೇಳಾಪಟ್ಟಿಯನ್ನೂ ಮೇಜಿನ ಮೇಲೆ ಇಟ್ಟುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಶನಿವಾರ ಸಂಜೆಯ ಪೂಜೆಯಿಂದಲೂ ರವಿವಾರದ ಕಟ್ಟಳೆ ನೆರವೇರುತ್ತದೆ. ಅದು ಆರಕ್ಕಿದ್ದರೆ ಮರಳಲು ಬಸ್ಸಿಲ್ಲ, ನಾಲ್ಕಕ್ಕಿದ್ದರೆ ಇರಬಹುದು. ತಲಪಲು ಸಾಧ್ಯವೇ ಇಲ್ಲದವರ ಮೇಲೆ ಧರ್ಮಸಭೆ ಪಾಪದ ಹೊರೆ ಹೊರಿಸುವುದಿಲ್ಲ. ಅವರು ಒಬ್ಬರೇ ಆಗಲಿ, ಕುಟುಂಬದೊಂದಿಗಾಗಲಿ ಪ್ರಾರ್ಥಿಸಬೇಕೆಂದು ಧರ್ಮಸಭೆಯ ಕಾನೂನಿನ 1248ನೇ ವಿಧಿಯೇ ಸೂಚಿಸುತ್ತದೆ. ಆದರೆ ಒಬ್ಬಂಟಿಯಾಗಿ ಬಾಡಿಗೆ ಕೋಣೆಯಲ್ಲಿರುವ ಹುಡುಗಿಗೆ ಕುಟುಂಬ ಎಲ್ಲಿಂದ ಬರಬೇಕು?

2025ರ ಬಸ್ ಸೇವಾ ಕಾಯಿದೆ ಸ್ಥಳೀಯ ಆಡಳಿತಗಳಿಗೆ ಹೆಚ್ಚಿನ ಅಧಿಕಾರ ಕೊಟ್ಟಿದೆ. ಹಣ ಮತ್ತು ಚಾಲಕರು ಸಿಕ್ಕರೆ ಬಸ್ಸುಗಳು ಮರಳಿಯಾವು. ಅದಕ್ಕಿಂತ ಹತ್ತಿರದ್ದೊಂದು ಬಾಗಿಲಿದೆ: 'ಪ್ಯಾರಿಷ್ ಕೌನ್ಸಿಲ್'. ಹೆಸರು ಚರ್ಚಿನದ್ದಾದರೂ ಅದು ನಮ್ಮ ಗ್ರಾಮ ಪಂಚಾಯತ್‌ನಂತಹ ಸಂಸ್ಥೆ. ಊರಿನ ಬಸ್ಸಿಗೆ, ಸಮುದಾಯ ವಾಹನಕ್ಕೆ ಅನುದಾನ ಕೊಡುವ ಅಧಿಕಾರ ಅದಕ್ಕೆ 1997ರಿಂದಲೇ ಇದೆ. ಅದರ ಸಭೆಗೆ ಹೋಗಿ ಕೂರಲು ಯಾರ ಅನುಮತಿಯೂ ಬೇಡ. ಸಭೆ ನಡೆಯುವುದು ಹೆಚ್ಚಾಗಿ ಸಂಜೆ, ಕೊನೆಯ ಬಸ್ಸು ಹೋದ ಮೇಲೆ. ಊರಿನ ಸಭಾಭವನದಲ್ಲೇ ಆದ್ದರಿಂದ ಅಲ್ಲಿಗಾದರೂ ನಡೆದೇ ಹೋಗಬಹುದು.