ಹಳೆಯ ಇಂಜಿನ್ನನ್ನು ತಣ್ಣಗಿರುವಾಗಲೇ ನೋಡಿ

ಹೂಮಳೆಯನ್ನೇ ನಂಬಿ ಕೂರುವ ಕಾಲ ಹೋಯಿತು. ರೋಬಸ್ಟಾ ಇರುವ ಸಣ್ಣ ಬೆಳೆಗಾರರೂ ಫೆಬ್ರವರಿ-ಮಾರ್ಚಿನಲ್ಲಿ ಕೆರೆಗೆ ಡೀಸೆಲ್ ಪಂಪು ಹೂಡಿ ಸ್ಪ್ರಿಂಕ್ಲರ್ ಹಾಯಿಸುತ್ತಾರೆ. ನೀರು ಅರ್ಧಕ್ಕೆ ನಿಂತರೆ ಮೊಗ್ಗು ಸರಿಯಾಗಿ ಅರಳದೆ ಕರಟುತ್ತದೆ. ಹೊಸ ಸೆಟ್ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಹಳೆಯದನ್ನು ಕೊಳ್ಳುವುದು ತಪ್ಪೂ ಅಲ್ಲ. ಆದರೆ ಮಧ್ಯಾಹ್ನ ಊಟ ಮುಗಿಸಿ ಹೋಗಿ, ಮಾರುವವರು ಮೊದಲೇ ಓಡಿಸಿಟ್ಟ ಇಂಜಿನ್ನಿನ ಶಬ್ದ ಕೇಳಿ ಮುಂಗಡ ಕೊಟ್ಟು ಬರುವ ಪದ್ಧತಿಯನ್ನು ನಾನು ಒಪ್ಪಲಾರೆ.

ಜನವರಿಯ ಚಳಿಯಲ್ಲಿ, ಬೆಳಿಗ್ಗೆ 7 ಗಂಟೆಯೊಳಗೆ ಹೋಗಿ. ಮೊದಲು ಇಂಜಿನ್ನಿನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅವರು ಕೊಟ್ಟ ಕಾಫಿ ಕುಡಿದು ಬನ್ನಿ. ವ್ಯಾಪಾರ ಇನ್ನೊಂದು ದಿನಕ್ಕಿರಲಿ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಒತ್ತಿದ ಗಾಳಿಯ ಕಾವಿನಿಂದಲೇ ಡೀಸೆಲ್ ಹೊತ್ತಬೇಕು. ರಿಂಗು, ಲೈನರ್ ಸವೆದಿದ್ದರೆ ಗಾಳಿ ಸೋರುತ್ತದೆ, ಉಳಿದ ಕಾವನ್ನು ತಣ್ಣನೆಯ ಕಬ್ಬಿಣ ಹೀರುತ್ತದೆ. ಬಿಸಿಯಲ್ಲಿ ಮುಚ್ಚಿಹೋಗುವ ರೋಗ ಚಳಿಯಲ್ಲಿ ಬಯಲಾಗುವುದು ಹೀಗೆ.

ಶುರುವಾದೊಡನೆ ಸ್ವಲ್ಪ ಬಿಳಿ ಹೊಗೆ ಬರುವುದು ಸಹಜ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಕಂಪ್ರೆಷನ್ನೋ ನಾಜಲ್ಲೋ ಕೆಟ್ಟಿರಬಹುದು, ಇಲ್ಲವೆ ಒಳಗೆ ನೀರು ಸೇರುತ್ತಿರಬಹುದು. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಅಳತೆಕಡ್ಡಿಯ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಬೆಲೆ ಕೇಳುವುದೇ ಬೇಡ. ಹೊಸ ಪೈಂಟಿಗಂತೂ ಮರುಳಾಗಬೇಡಿ. ಇಷ್ಟರಲ್ಲಿ ಪಾಸಾದರೆ ಪಂಪಿಗೆ ಜೋಡಿಸಿ ಅರ್ಧ ಗಂಟೆಯಾದರೂ ಸ್ಪ್ರಿಂಕ್ಲರ್ ಓಡಿಸಿರಿ.

ಮಾರುವವರು ನೆಂಟರೋ ಪಕ್ಕದ ತೋಟದವರೋ ಆಗಿದ್ದು, ಇಷ್ಟೆಲ್ಲ ಕೇಳಲು ಸಂಕೋಚವೆನಿಸಿದರೆ ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ಹೋಗಿ, ಅವನೇ ಕೇಳಲಿ. ಲೈನರ್ ಬದಲಿಸುವ ಖರ್ಚಿನ ಮುಂದೆ ಅವನ ಒಂದು ದಿನದ ಕೂಲಿ ಏನೂ ಅಲ್ಲ.