ತೂಬಿನ ಬಳಿಯ ಜಗಳ

ನಾಟಿ ಮುಗಿದ ಮೇಲೆ ಮಳೆ ಕೈಕೊಟ್ಟಿತೆಂದರೆ ಕೃಷ್ಣರಾಜನಗರದ ನಾಲಾ ಬಯಲಿನಲ್ಲಿ ತೂಬಿನ ಬಳಿ ಮಾತು ಬಿಸಿಯಾಗುತ್ತದೆ. ಪಿರಿಯಾಪಟ್ಟಣದಲ್ಲಿ ಹಾರಂಗಿ ನಾಲೆಯ ಕೊನೆಭಾಗದವರ ದೂರೂ ಇದೇ. ಹುಣಸೂರಿನಲ್ಲಿ ಬದುವಿನ ಮರದ ನೆರಳು, ಹೆಗ್ಗಡದೇವನಕೋಟೆಯಲ್ಲಿ ಗಾಡಿದಾರಿ. ಕಾರಣ ಯಾವುದಾದರೂ, ಒಮ್ಮೆ ಕೋರ್ಟು ಹತ್ತಿದರೆ ಜಮೀನಿನ ಆದಾಯವೆಲ್ಲ ಬಸ್ ಚಾರ್ಜಿಗೂ ವಕೀಲರ ಫೀಸಿಗೂ ಹೋಗುತ್ತದೆ. ಗೊಬ್ಬರದ ಪ್ರಮಾಣ ಹೇಳುವ ನಾವು ವಿಜ್ಞಾನಿಗಳು ಇದು ನಮ್ಮ ವಿಷಯವಲ್ಲವೆಂದು ಸುಮ್ಮನಿರುತ್ತೇವೆ. ಅದು ತಪ್ಪೆಂಬುದು ನನ್ನ ಅಭಿಪ್ರಾಯ.

ಕೆಲವು ವರ್ಷಗಳ ಹಿಂದೆ ಕ್ಷೇತ್ರ ಭೇಟಿಯಲ್ಲಿದ್ದಾಗ ಒಂದೇ ಕಾಲುವೆಯ ಮೇಲಿನ ಮತ್ತು ಕೆಳಗಿನ ಗದ್ದೆಯ ರೈತರಿಬ್ಬರು ನನ್ನೆದುರೇ ಜಗಳಕ್ಕೆ ನಿಂತರು. “ತಲಾ ಮೂರು ದಿನ ಹರಿಸಿಕೊಳ್ಳಿ” ಎಂದು ತೀರ್ಪು ಹೇಳಿ ಜೀಪು ಹತ್ತಿದೆ. ವಾರದೊಳಗೆ ತೂಬಿನ ಹಲಗೆ ಮತ್ತೆ ಕಿತ್ತುಬಂದಿತ್ತು. ಬೇಸಾಯಶಾಸ್ತ್ರ ಓದಿದ ನಾನು, ಪೈರು ಯಾವ ಹಂತದಲ್ಲಿದೆಯೆಂದು ಇಬ್ಬರನ್ನೂ ಕೇಳಿರಲಿಲ್ಲ!

ಮೇಲಿನವರ ಭತ್ತ ತೆಂಡೆ ಒಡೆಯುತ್ತಿತ್ತು. ಆಗ ಗದ್ದೆ ಬಿರುಕು ಬಿಡದಷ್ಟು ಹಸಿಯಾಗಿದ್ದರೆ ಕೆಲವು ದಿನ ತಡೆದೀತು. ಕೆಳಗಿನವರದು ಹೊಡೆಯಲ್ಲಿತ್ತು. ಹೊಡೆಯಿಂದ ಹೂವಾಗುವವರೆಗೆ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ. ಹಾಗಿದ್ದರೂ ಮೇಲಿನವರು ಏಕೆ ಬಿಡಲಿಲ್ಲ? ಈಗ ಬಿಟ್ಟರೆ ತಮ್ಮ ಪೈರು ಹೊಡೆಗೆ ಬಂದಾಗ ನೀರು ಸಿಗುವುದಿಲ್ಲವೆಂಬ ಭಯ. ಕೆಳಗಿನವರು ಕೊಯ್ಲಿಗೆ 10 ದಿನ ಮುಂಚೆ ಹೇಗೂ ನೀರು ಬಸಿಯಬೇಕು. ಅಂದಿನಿಂದ ಅವರ ಸರದಿಯೂ ಮೇಲಿನವರಿಗೆ ಎಂದು ಆಗಲೇ ಬರೆದುಕೊಂಡಿದ್ದರೆ ಭಯಕ್ಕೆ ಎಡೆಯಿರುತ್ತಿರಲಿಲ್ಲ.

ಬಾಯಲ್ಲಿ ಹೇಳುವ ಹಠ ಬೇರೆ, ಒಳಗಿನ ಅಗತ್ಯ ಬೇರೆ. ಅಮೆರಿಕದ ಫಿಶರ್ ಮತ್ತು ಯೂರಿ 1981ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದೂ ಇದನ್ನೇ. ಮಧ್ಯಸ್ಥರು ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ಕೇಳಬೇಕು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳಬಾರದು. ಕಾಲುವೆಯ ಉದ್ದಕ್ಕೂ ಇಬ್ಬರೊಡನೆ ನಡೆಯಬೇಕು. ಪರಿಹಾರ ಅವರ ಬಾಯಿಂದಲೇ ಬರಬೇಕು. ಕೊನೆಯದೇ ಕಷ್ಟ, ನಮ್ಮಂತಹ ಓದಿದವರಿಗಂತೂ ಇನ್ನೂ ಕಷ್ಟ.

ಹಳೆಯ ಪಂಚಾಯಿತಿಕಟ್ಟೆ ಇದ್ದೇ ಇದೆಯಲ್ಲ ಎನ್ನಬಹುದು. ಕಟ್ಟೆಯಲ್ಲಿ ಯಜಮಾನರು ತೀರ್ಪು ಕೊಡುತ್ತಿದ್ದರು. ಹೆಂಗಸರು, ಸಣ್ಣ ಹಿಡುವಳಿಯವರು, ಕೋಟೆ ಕಡೆಯ ಜೇನುಕುರುಬರು ಅಲ್ಲಿ ಎಷ್ಟು ಮಾತನಾಡಿದ್ದಾರು? ಮಧ್ಯಸ್ಥಿಕೆಯಲ್ಲಿ ತೀರ್ಪಿಲ್ಲ, ಒಪ್ಪದವರು ಎದ್ದು ಹೋಗಬಹುದು.

ಬೆಂಗಳೂರಿನಲ್ಲಿ 2007ರಿಂದ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ ಮಧ್ಯಸ್ಥಿಕೆ ಕೇಂದ್ರವಿದೆ. ಮೊಕದ್ದಮೆ ಹೂಡಿಯಾಗಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಲೋಕ ಅದಾಲತ್ ಉಂಟು. ಅಲ್ಲಿ ಆದ ರಾಜಿಗೆ 1987ರ ಕಾಯಿದೆಯಂತೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಆದುದರಿಂದ ಸಹಿ ಹಾಕುವ ಮುನ್ನ ಓದಿಸಿ ಕೇಳಿರಿ.

ಆದರೆ ತೂಬಿನ ಜಗಳ ಅಲ್ಲಿಯವರೆಗೆ ಹೋಗಬೇಕಿಲ್ಲ. ನೀರು ಬಳಕೆದಾರರ ಸಹಕಾರ ಸಂಘವಿರುವ ಕಡೆ, ಸಸಿಮಡಿ ಹಾಕುವ ಮುಂಚೆಯೇ ಸಭೆ ಸೇರಿ ಯಾರ ನಾಟಿ ಯಾವ ವಾರ, ಯಾವ ತಳಿ, ಹೊಡೆ ಬರುವುದು ಎಂದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನೀರುಗಂಟಿಯ ಕೈಗೆ ಕೊಡಿರಿ. ಲೆಕ್ಕ ಹಾಕಿಕೊಡಲು ನಮ್ಮನ್ನು ಕರೆಯಿರಿ, ಬರುತ್ತೇವೆ.