ಅಕ್ವೇರಿಯಂ ಗಿಡಕ್ಕೆ ಬೇಕಿರುವುದು ದುಡ್ಡಲ್ಲ, ಲೆಕ್ಕ

ಅಕ್ವೇರಿಯಂನಲ್ಲಿ ಜೀವಂತ ಗಿಡ ಬೆಳೆಸುವುದು ದುಡ್ಡಿದ್ದವರ ಹವ್ಯಾಸ ಎಂಬ ಮಾತು ನಮ್ಮ ಕಾಲೇಜಿನಲ್ಲೂ ಕೇಳಿಬರುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ವಿಶೇಷ ಮಣ್ಣು, ದುಬಾರಿ ಎಲ್‌ಇಡಿ ದೀಪ ಇಲ್ಲದಿದ್ದರೆ ಗಿಡ ಉಳಿಯುವುದಿಲ್ಲ ಎನ್ನುತ್ತಾರೆ. ಕೊನೆಗೆ ಎಲ್ಲರೂ ಪ್ಲಾಸ್ಟಿಕ್ ಗಿಡ ತಂದು ಇಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಶಿವಮೊಗ್ಗ ಮತ್ತು ಭದ್ರಾವತಿಯ ಮನೆಗಳಲ್ಲಿ ನಾನು ನೋಡಿದ ಮಟ್ಟಿಗೆ, ಗಿಡಗಳು ಹೆಚ್ಚಾಗಿ ಹಾಳಾಗುವುದು ಕೊರತೆಯಿಂದ ಅಲ್ಲ, ಅತಿಯಿಂದ. ಅತಿ ಬೆಳಕು, ಅತಿ ಆಹಾರ, ಅತಿ ಮೀನು, ಅತಿ ತೊಳೆಯುವಿಕೆ.

ಕಾಮರ್ಸ್ ವಿದ್ಯಾರ್ಥಿಗೆ ಇದು ಜಮಾ-ಖರ್ಚಿನ ಪುಸ್ತಕದಂತೆ ಕಾಣುತ್ತದೆ. ಗಿಡಕ್ಕೆ ಬೆಳಕು, ಕಾರ್ಬನ್ ಡೈಆಕ್ಸೈಡ್, ಪೋಷಕಾಂಶ ಮೂರೂ ಬೇಕು. ಮೂರರಲ್ಲಿ ಯಾವುದು ಕಡಿಮೆಯೋ ಅದು ಅನುಮತಿಸಿದಷ್ಟೇ ಗಿಡ ಬೆಳೆಯುತ್ತದೆ. ಸಿಲಿಂಡರ್ ಇಲ್ಲದ ತೊಟ್ಟಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ. ಅಲ್ಲಿ ದಿನಕ್ಕೆ 12 ಗಂಟೆ ದೀಪ ಉರಿಸಿದರೆ, ಗಿಡ ಬಳಸಲಾರದೆ ಬಿಟ್ಟ ಬೆಳಕು ಪಾಚಿಯ ಲಾಭವಾಗುತ್ತದೆ. ಎಲೆಯ ಮೇಲೆ ಪಾಚಿ ಕೂತರೆ ಗಿಡಕ್ಕೆ ಬೆಳಕೇ ಸಿಗುವುದಿಲ್ಲ. 6ರಿಂದ 8 ಗಂಟೆ ದೀಪ ಸಾಕು. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಪಕ್ಕ ತೊಟ್ಟಿ ಇಡಬೇಡಿ.

ಗೊಬ್ಬರದ ಲೆಕ್ಕವೂ ಹೀಗೆಯೇ. ಮೀನಿನ ಹೊಲಸು ಮತ್ತು ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ. ಅದು ಮೀನಿಗೆ ವಿಷ. ಮರಳಿನಲ್ಲೂ ಫಿಲ್ಟರಿನಲ್ಲೂ ಇರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಗಿಡ ಇದನ್ನೇ ಆಹಾರವಾಗಿ ಹೀರಿಕೊಂಡು ನೀರನ್ನು ಶುದ್ಧ ಮಾಡುತ್ತದೆ. ಈ ಕೆಲಸ ಪ್ಲಾಸ್ಟಿಕ್ ಗಿಡದಿಂದ ಆಗದು. ಆದರೆ ನಮ್ಮಲ್ಲಿ ಬಹಳ ಮಂದಿ ಪ್ರತಿ ಭಾನುವಾರ ಎಲ್ಲ ನೀರನ್ನೂ ಚೆಲ್ಲಿ, ಗಿಡ ಕಿತ್ತು, ಮರಳನ್ನು ನಲ್ಲಿಯ ಕೆಳಗೆ ತೊಳೆಯುತ್ತಾರೆ. ಬೇರೂ ಹೋಯಿತು, ಬ್ಯಾಕ್ಟೀರಿಯಾವೂ ಹೋಯಿತು. ವಾರಕ್ಕೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಒಂದು ದಿನ ಬಕೆಟ್‌ನಲ್ಲಿ ತೆರೆದಿಟ್ಟು ಹಾಕಿ.

ಭದ್ರಾವತಿಯಲ್ಲಿರುವ ನನ್ನ ಮಾಮೂ ಸಿಲಿಂಡರ್ ಇಲ್ಲದೆಯೇ ಗಿಡ ಬೆಳೆಸಿದ್ದಾರೆ. ದಪ್ಪ ಮರಳು, ಒಂದು ಸಾಧಾರಣ ದೀಪ, ಆರು ಗಪ್ಪಿ ಮೀನು, ರಿಬ್ಬನ್‌ನಂತೆ ಉದ್ದ ಎಲೆಯ ವ್ಯಾಲಿಸ್ನೇರಿಯಾ. ಮಕ್ಕಳು ಗಿಡ ಎಳೆಯಲು ಕೈ ಹಾಕಿದರೆ ಅವರು ಹೇಳುವುದು ಒಂದೇ: "ಪೌದಾ ಹೈ, ಖಿಲೋನಾ ನೈ." ಇದು ಗಿಡ, ಆಟಿಕೆಯಲ್ಲ. ಹೊಸದಾಗಿ ನೆಟ್ಟ ಕ್ರಿಪ್ಟೊಕೊರೈನ್ ಎಲೆಗಳು ಕೆಲವೊಮ್ಮೆ ಕರಗಿಹೋಗುತ್ತವೆ. ಸತ್ತಿತೆಂದು ಕಿತ್ತು ಎಸೆಯಬಾರದು. ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ. ಅನುಬಿಯಾಸ್ ಮತ್ತು ಜಾವಾ ಫರ್ನ್‌ಗಳ ದಪ್ಪ ಕಾಂಡವನ್ನು ಮಾತ್ರ ಮರಳಲ್ಲಿ ಹೂಳಬೇಡಿ, ಕೊಳೆಯುತ್ತದೆ. ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಿ.

ಗಿಡ ಚೆನ್ನಾಗಿ ಬೆಳೆದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. ಹೆಚ್ಚಾದದ್ದನ್ನು ಏನು ಮಾಡುವುದು? "ತುಂಗೆಗೆ ಬಿಟ್ಟುಬಿಡು, ಪಾಪ ಬದುಕಲಿ" ಎನ್ನುವವರಿದ್ದಾರೆ. ಇಲ್ಲೇ ನನ್ನ ದೊಡ್ಡ ತಕರಾರು. ನಮ್ಮ ಕೆರೆಗಳಲ್ಲಿ ಸಿಗುವ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲೋರಿಡಾ ತಲುಪಿತು. ಅಲ್ಲಿನ ನದಿ, ಕಾಲುವೆಗಳಿಗೆ ಸೇರಿ ಇಂದಿಗೂ ಅವರಿಗೆ ತಲೆನೋವಾಗಿದೆ. ಅದರ ಒಂದು ಸಣ್ಣ ತುಂಡು ಸಾಕು, ಹೊಸ ಗಿಡವಾಗುತ್ತದೆ. ದಕ್ಷಿಣ ಅಮೆರಿಕದ ವಾಟರ್ ಹಯಸಿಂತ್ ಚೆಂದದ ನೇರಳೆ ಹೂವಿಗಾಗಿ ನಮ್ಮ ದೇಶಕ್ಕೆ ಬಂದು, ಈಗ ಎಷ್ಟೋ ಕೆರೆಗಳನ್ನು ಮುಚ್ಚಿದೆ. ಅಲ್ಲಿ ನಮ್ಮ ಗಿಡ, ಇಲ್ಲಿ ಅವರ ಗಿಡ; ಎರಡೂ ಕಡೆ ತಪ್ಪು ಗಿಡದ್ದಲ್ಲ, ಮನುಷ್ಯನದ್ದು.

ಶಿವಮೊಗ್ಗ ತುಂಗೆಯ ನೀರು ಕುಡಿಯುತ್ತದೆ, ಭದ್ರಾವತಿ ಭದ್ರೆಯದ್ದು. ಎರಡೂ ಕೂಡ್ಲಿಯಲ್ಲಿ ಸೇರಿ ಮುಂದಿನ ಊರುಗಳಿಗೆ ಹೋಗುತ್ತವೆ. ನಾವು ಸೇತುವೆಯಿಂದ ಎಸೆದದ್ದು ನಮ್ಮ ಊರಿನಲ್ಲೇ ನಿಲ್ಲುವುದಿಲ್ಲ. ಹೆಚ್ಚಾದ ಗಿಡವನ್ನು ಗೆಳೆಯರಿಗೆ ಕೊಡಿ. ಯಾರಿಗೂ ಬೇಡವಾದರೆ ಬಿಸಿಲಲ್ಲಿ ಪೂರ್ತಿ ಒಣಗಿಸಿ ಹೂಕುಂಡದ ಗೊಬ್ಬರಕ್ಕೆ ಹಾಕಿ. ಮೀನನ್ನಾದರೆ ಅಂಗಡಿಗೆ ವಾಪಸ್ ಕೊಡಲು ಕೇಳಿ ನೋಡಿ.

ನಮ್ಮ ಕಾಲೇಜಿನ ಲೈಬ್ರರಿಯಲ್ಲೂ ಒಂದು ತೊಟ್ಟಿ ಇದೆ, ಅದರಲ್ಲಿರುವುದೆಲ್ಲ ಪ್ಲಾಸ್ಟಿಕ್. ಅದನ್ನು ತೆಗೆದು ವ್ಯಾಲಿಸ್ನೇರಿಯಾ ಮತ್ತು ಕ್ರಿಪ್ಟೊಕೊರೈನ್ ನೆಡಲು ಅನುಮತಿ ಕೊಡಬೇಕೆಂದು ಪ್ರಾಂಶುಪಾಲರಲ್ಲಿ ವಿನಂತಿಸುತ್ತೇನೆ. ಸೈನ್ಸ್ ವಿಭಾಗದವರು ನೀರು ಪರೀಕ್ಷಿಸಲಿ, ಆರ್ಟ್ಸ್‌ನವರು ಗಿಡಗಳ ಹೆಸರು ಬರೆದು ಹಚ್ಚಲಿ. ದೀಪ ಎಷ್ಟು ಗಂಟೆ ಉರಿಯಿತು, ನೀರು ಯಾವಾಗ ಬದಲಾಯಿತು, ಎಷ್ಟು ಗಿಡ ಯಾರ ಮನೆಗೆ ಹೋಯಿತು ಎಂಬ ಲೆಕ್ಕದ ಪುಸ್ತಕ ನಮ್ಮ ಕಾಮರ್ಸ್ ವಿಭಾಗದ ಬಳಿ ಇರಲಿ.